ಒಂದು ನೊಣದ ಲೆಕ್ಕ

ನಮ್ಮ ಸಂಘದ ಪತ್ರಿಕೆಯಲ್ಲಿ ಕವನ, ಹರಟೆ, ಪುಸ್ತಕ ವಿಮರ್ಶೆ ಬರುವುದು ವಾಡಿಕೆ. ಇವುಗಳ ಮಧ್ಯೆ ನೊಣ ಎಲ್ಲಿಂದ ಬಂತಪ್ಪಾ ಅಂತ ಮೂಗು ಮುರಿಯಬೇಡಿ. ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು ಗಿಡಮರಗಳ ಪಾಠವನ್ನೇ ಕಥೆಯಂತೆ ಕನ್ನಡದಲ್ಲಿ ಬರೆದರು. ಅವರ 'ಹಸುರು ಹೊನ್ನು' ಪುಸ್ತಕಕ್ಕೆ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಕೈ ನನಗಿಲ್ಲ. ಆದರೆ ಸೂಕ್ಷ್ಮಜೀವಿಶಾಸ್ತ್ರ ಓದುವ ನನಗೆ ಒಂದು ಪಾಠವನ್ನು ನಿಮಗೆ ಹೇಳಲೇಬೇಕು ಅನ್ನಿಸಿದೆ. ಕಾರಣ ನಮ್ಮ ಹಣ್ಣಿನಕ್ಕ.

ಹಣ್ಣಿನಕ್ಕನನ್ನು ನಿಮ್ಮಲ್ಲಿ ಹಳಬರು ಬಲ್ಲಿರಿ. ಹೊಸೂರು ಕಡೆಯವರು, ಮನೆಮಾತು ಕನ್ನಡ. ಬೆಳಗಿನ ಜಾವ ನಾಲ್ಕಕ್ಕೆ ಕೋಯಂಬೇಡಿಗೆ ಹೋಗಿ ಹಣ್ಣು ತಂದು, ಹೆಚ್ಚಿ, ನಮ್ಮ ಹಾಸ್ಟೆಲಿನ ಗೇಟಿನ ಹತ್ತಿರ ಗಾಡಿಯಲ್ಲಿ ಮಾರುತ್ತಿದ್ದರು. ಹೋದ ಮಳೆಗಾಲದಲ್ಲಿ ಹಾಸ್ಟೆಲಿನ ಒಂದು ಸಾಲಿನ ಹುಡುಗರೆಲ್ಲ ಭೇದಿಯಿಂದ ಮಲಗಿದರು. "ಆಕೆಯ ಕಲ್ಲಂಗಡಿ ಮೇಲೆ ನೊಣ ಕೂತಿತ್ತು, ನಾನೇ ನೋಡಿದ್ದೀನಿ" ಅಂದ ಒಬ್ಬ. "ನೊಣದಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯ ಇರುತ್ತಂತೆ" ಅಂದ ಇನ್ನೊಬ್ಬ. ಮಾರನೆಯ ದಿನ ಗಾಡಿಯನ್ನು ಎಬ್ಬಿಸಿಬಿಟ್ಟರು. ಹೋಗುವಾಗ ಆಕೆ ಕೇಳಿದ್ದು ಇಷ್ಟೇ: "ನಿಮ್ಮ ಅಡುಗೆಮನೇಲಿ ನೊಣ ಕೂರಾಕಿಲ್ವೇನಪ್ಪಾ?"

ಆ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಗ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಈ ಪಾಠ ಆ ಪ್ರಶ್ನೆಯ ಮೇಲೆಯೇ ನಿಂತಿದೆ.

1. ನೊಣ ಹಿಡಿಯುವುದು

ಕೋಯಂಬೇಡು ಮಾರುಕಟ್ಟೆಯನ್ನು ನೋಡದವರು ಕಡಿಮೆ. ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯ ಇಕ್ಕಟ್ಟಿನಿಂದ ತರಕಾರಿ ಸಗಟು ವ್ಯಾಪಾರವನ್ನು ಹೊರಗೆ ತಂದು 1996ರಲ್ಲಿ ಇಲ್ಲಿ ತೆರೆದರು. ಸುಮಾರು 295 ಎಕರೆಯ ಜಾಗ. ಕೋಲಾರದ ಟೊಮೇಟೊ, ಹೊಸೂರಿನ ಎಲೆಕೋಸು, ಆಂಧ್ರದ ಮಾವು ಎಲ್ಲ ಇಲ್ಲಿಗೇ ಬಂದು ಇಳಿಯಬೇಕು. ಇಷ್ಟು ತರಕಾರಿ ಇದ್ದ ಮೇಲೆ ಕೊಳೆತದ್ದೂ ಇರುತ್ತದೆ. ಕೊಳೆತದ್ದು ಇದ್ದ ಕಡೆ ನೊಣ. ನಮ್ಮ ಬಿಸಿಲಿಗೆ ಮೊಟ್ಟೆಯಿಂದ ರೆಕ್ಕೆಯ ನೊಣ ಆಗಲು ವಾರ ಹತ್ತು ದಿನ ಸಾಕು.

ಮನೆನೊಣ ಕಚ್ಚುವುದಿಲ್ಲ. ಅದರ ಬಾಯಿ ಒಂದು ಸ್ಪಂಜಿನ ಹಾಗೆ. ಗಟ್ಟಿ ಪದಾರ್ಥ ಸಿಕ್ಕರೆ ಹೊಟ್ಟೆಯಿಂದ ರಸ ಕಕ್ಕಿ, ಕರಗಿಸಿ, ಮತ್ತೆ ಹೀರಿಕೊಳ್ಳುತ್ತದೆ. ಕೂತಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ಆದ್ದರಿಂದ ರೋಗಾಣು ದಾಟುವ ದಾರಿ ಮೂರು: ಕಾಲು ಮೈಗೆ ಅಂಟಿಕೊಂಡದ್ದು, ಕಕ್ಕಿದ್ದು, ಹಿಕ್ಕೆಯಲ್ಲಿ ಬಿದ್ದದ್ದು. ಲೆಕ್ಕ ಹಾಕುವವನು ಯಾವ ದಾರಿಯದನ್ನು ಎಣಿಸುತ್ತಿದ್ದೇನೆ ಎಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಈಗ ಒಂದು ಬಲೆಯಲ್ಲಿ ಹತ್ತು ನೊಣ ಹಿಡಿದಿರಿ ಅನ್ನಿ. ಹತ್ತನ್ನೂ ಒಂದೇ ಸೀಸೆಗೆ ಹಾಕಿದರೆ ಕೆಲಸ ಕೆಟ್ಟಿತು. ಗಾಬರಿಯಾದ ನೊಣ ಕಕ್ಕುತ್ತದೆ, ಒಂದರ ಕೊಳೆ ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಒಂದು ನೊಣಕ್ಕೆ ಒಂದು ಕ್ರಿಮಿಶುದ್ಧ ಸೀಸೆ. ಸೀಸೆಯನ್ನು ಮಂಜುಗಡ್ಡೆಯ ಮೇಲೆ ಇಡಬೇಕು. ನೊಣ ಮಂಕಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಬ್ಯಾಕ್ಟೀರಿಯ ಬೆಳೆಯುವುದು ನಿಲ್ಲುತ್ತದೆ. ಈ ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಎರಡರಷ್ಟಾಗುತ್ತದೆ. ಅಂದರೆ ಒಂದು ಗಂಟೆಗೆ ಎಂಟರಷ್ಟು, ಎರಡು ಗಂಟೆಗೆ ಅರವತ್ತನಾಲ್ಕರಷ್ಟು. ಮಧ್ಯಾಹ್ನದ ಬಸ್ಸಿನಲ್ಲಿ ಸೀಸೆಯನ್ನು ಚೀಲದಲ್ಲಿಟ್ಟು ತಂದರೆ ನೀವು ಎಣಿಸುವುದು ಮಾರುಕಟ್ಟೆಯ ನೊಣವನ್ನಲ್ಲ, ಬಸ್ಸಿನ ಸೆಕೆಯನ್ನು.

ಜೊತೆಗೆ ಇನ್ನೊಂದು ಸೀಸೆ ಬೇಕು. ಮಾರುಕಟ್ಟೆಯಲ್ಲಿ ಮುಚ್ಚಳ ತೆಗೆದು, ನೊಣ ಹಾಕದೆಯೇ ಮುಚ್ಚಿದ ಖಾಲಿ ಸೀಸೆ. ಅದನ್ನೂ ಕೊನೆಯವರೆಗೆ ಪರೀಕ್ಷೆ ಮಾಡಬೇಕು. ಅದರಲ್ಲೂ ಬ್ಯಾಕ್ಟೀರಿಯ ಬೆಳೆದರೆ ತಪ್ಪು ನಮ್ಮ ಕೈಯದು, ನೊಣದ್ದಲ್ಲ.

2. ಹೊರಗೆ ಎಷ್ಟು, ಒಳಗೆ ಎಷ್ಟು

ಪ್ರಯೋಗಶಾಲೆಯಲ್ಲಿ ಮೊದಲ ಕೆಲಸ ನೊಣಕ್ಕೆ ಸ್ನಾನ. ಒಂದು ಮಿಲಿಲೀಟರ್ ಕ್ರಿಮಿಶುದ್ಧ ಉಪ್ಪುನೀರಿನಲ್ಲಿ (ನೂರು ಭಾಗಕ್ಕೆ 0.85 ಭಾಗ ಉಪ್ಪು) ನೊಣವನ್ನು ಹಾಕಿ ಚೆನ್ನಾಗಿ ಅಲುಗಿಸುತ್ತಾರೆ. ಆ ನೀರಿನಲ್ಲಿ ಬಂದದ್ದು ಹೊರಮೈಯ ಲೆಕ್ಕ. ಆಮೇಲೆ ನೊಣವನ್ನು ನೂರಕ್ಕೆ 70ರ ಆಲ್ಕೋಹಾಲಿನಲ್ಲಿ ಅದ್ದಿ ಹೊರಗೆ ಉಳಿದದ್ದನ್ನು ಕೊಂದು, ಶುದ್ಧ ನೀರಿನಲ್ಲಿ ತೊಳೆಯುತ್ತಾರೆ. ಕೊನೆಯ ಸಲ ತೊಳೆದ ನೀರನ್ನು ಚೆಲ್ಲಬಾರದು. ಅದನ್ನೂ ಬೆಳೆಸಿ ನೋಡಿ, ಏನೂ ಬರದಿದ್ದರೆ ಮಾತ್ರ ಹೊರಮೈ ಶುದ್ಧವಾಯಿತು ಅನ್ನಬಹುದು. ಅನಂತರ ನೊಣವನ್ನು ಇನ್ನೊಂದು ಮಿಲಿಲೀಟರ್ ಉಪ್ಪುನೀರಿನಲ್ಲಿ ಪುಟ್ಟ ಒನಕೆಯಿಂದ ಅರೆಯುತ್ತಾರೆ. ಇದು ಒಳಗಿನ ಲೆಕ್ಕ.

ಯಾಕೆ ಇಷ್ಟು ರಗಳೆ? ಕಾಲಿಗೆ ಅಂಟಿದ್ದು ಬಿಸಿಲಿಗೆ ಒಣಗಿ ಬೇಗ ಸಾಯಬಹುದು. ಹೊಟ್ಟೆಯೊಳಗಿನದಕ್ಕೆ ನೆರಳು, ತೇವ, ಊಟ ಎಲ್ಲ ಉಂಟು. ಎರಡನ್ನೂ ಕಲಸಿ ಒಂದೇ ಸಂಖ್ಯೆ ಹೇಳಿದರೆ ಆ ನೊಣ ನಿಜವಾಗಿ ಏನು ಮಾಡಬಲ್ಲದು ಎಂಬುದು ತಿಳಿಯುವುದಿಲ್ಲ.

3. ಎಣಿಸುವುದು

ಬ್ಯಾಕ್ಟೀರಿಯವನ್ನು ಒಂದೊಂದಾಗಿ ಎಣಿಸುವುದು ಆಗದ ಮಾತು. ಆದರೆ ಒಂದು ಬ್ಯಾಕ್ಟೀರಿಯಕ್ಕೆ ಜಾಗ, ಊಟ, ಸಮಯ ಕೊಟ್ಟರೆ ಅದೇ ತನ್ನ ಸಂಸಾರವನ್ನು ಬೆಳೆಸಿ, ಕಣ್ಣಿಗೆ ಕಾಣುವ ಒಂದು ಚುಕ್ಕೆಯಾಗುತ್ತದೆ. ಇದನ್ನೇ ಕಾಲೊನಿ ಅನ್ನುತ್ತಾರೆ. ಇದಕ್ಕೆ ಬೇಕಾದ ಮೆತ್ತನೆಯ ನೆಲ ಅಗರ್. ತಮಿಳಿನವರು ಕಡಲ್‌ಪಾಸಿ ಅನ್ನುತ್ತಾರಲ್ಲ, ಹಾಲು ಸಕ್ಕರೆ ಹಾಕಿ ಕಾಸಿ ಸಿಹಿ ಮಾಡುತ್ತಾರೆ, ಅದೇ. ಇದನ್ನು ತಯಾರಿಸುವ ಕಡಲಪಾಚಿ ರಾಮನಾಥಪುರದ ಕಡೆಯ ಮನ್ನಾರ್ ಕೊಲ್ಲಿಯಲ್ಲಿ ಸಿಗುತ್ತದೆ. ಅಗರನ್ನು ಪ್ರಯೋಗಶಾಲೆಗೆ ತಂದ ಜಾಣ್ಮೆ ಅಡುಗೆಮನೆಯದು: 1881ರಲ್ಲಿ ಜರ್ಮನಿಯ ಫ್ಯಾನಿ ಹೆಸ್ಸೆ ಎಂಬಾಕೆ, ಜೆಲಾಟಿನ್ ಕರಗಿಹೋಗುತ್ತದೆಂದು ಒದ್ದಾಡುತ್ತಿದ್ದ ತನ್ನ ಗಂಡನಿಗೆ ಇದನ್ನು ಸೂಚಿಸಿದಳು. ಅದನ್ನು ಸುರಿಯುವ ಮುಚ್ಚಳದ ತಟ್ಟೆಯನ್ನು 1887ರಲ್ಲಿ ರಾಬರ್ಟ್ ಕಾಖ್‌ನ ಸಹಾಯಕ ಪೆಟ್ರಿ ಪ್ರಕಟಿಸಿದ. ಇಂದಿಗೂ ಅದು ಪೆಟ್ರಿ ತಟ್ಟೆಯೇ.

ನೊಣ ಅರೆದ ನೀರನ್ನು ಹಾಗೇ ತಟ್ಟೆಗೆ ಸವರಿದರೆ ಚುಕ್ಕೆಗಳೆಲ್ಲ ಒಂದಕ್ಕೊಂದು ಸೇರಿ ಗಸಿಯಾಗಿಬಿಡುತ್ತದೆ. ಆದ್ದರಿಂದ ತೆಳುಮಾಡಬೇಕು. ಒಂದು ಮಿಲಿಲೀಟರನ್ನು ಒಂಬತ್ತು ಮಿಲಿಲೀಟರ್ ಶುದ್ಧ ಉಪ್ಪುನೀರಿಗೆ ಹಾಕಿದರೆ ಹತ್ತರಲ್ಲೊಂದು. ಅದರಿಂದ ಒಂದು ಮಿಲಿಲೀಟರ್ ತೆಗೆದು ಮತ್ತೆ ಒಂಬತ್ತಕ್ಕೆ ಹಾಕಿದರೆ ನೂರರಲ್ಲೊಂದು. ಹೀಗೆಯೇ ಸಾವಿರದಲ್ಲೊಂದು. ಒಂದೊಂದರಿಂದಲೂ 0.1 ಮಿಲಿಲೀಟರ್ ತಟ್ಟೆಗೆ ಹಾಕಿ, ಕಾವುಪೆಟ್ಟಿಗೆಯಲ್ಲಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತಾರೆ. (ಮೊದಲ ಹೆಜ್ಜೆಗೆ ನೀರು ಸಾಲದಿದ್ದರೆ 0.1ನ್ನು 0.9ಕ್ಕೆ ಹಾಕಿದರೂ ಲೆಕ್ಕ ಅದೇ.) ಮಾರನೆಯ ದಿನ 30ರಿಂದ 300ರೊಳಗೆ ಚುಕ್ಕೆಗಳಿರುವ ತಟ್ಟೆಯನ್ನು ಮಾತ್ರ ಎಣಿಕೆಗೆ ಹಿಡಿಯಬೇಕು. ಅದಕ್ಕಿಂತ ಕಡಿಮೆಯಾದರೆ ಅದೃಷ್ಟದ ಆಟ, ಹೆಚ್ಚಾದರೆ ಕಣ್ಣಿಗೆ ಮೋಸ.

ಒಂದು ಉದಾಹರಣೆ. ಸಾವಿರದಲ್ಲೊಂದು ತೆಳುಮಾಡಿದ ತಟ್ಟೆಯಲ್ಲಿ 47 ಚುಕ್ಕೆ ಬಂದವು ಎಂದಿಟ್ಟುಕೊಳ್ಳಿ. ಹಾಕಿದ್ದು 0.1 ಮಿಲಿಲೀಟರ್, ಆದ್ದರಿಂದ ಹತ್ತರಿಂದ ಗುಣಿಸಿ: 470. ಸಾವಿರ ಪಾಲು ತೆಳುಮಾಡಿದ್ದು, ಆದ್ದರಿಂದ ಸಾವಿರದಿಂದ ಗುಣಿಸಿ: 4,70,000. ಅರೆದದ್ದು ಒಂದು ಮಿಲಿಲೀಟರಿನಲ್ಲಿ, ಆದ್ದರಿಂದ ಇದೇ ಒಂದು ನೊಣದ ಒಳಗಿನ ಲೆಕ್ಕ. ನಮ್ಮ ಹುಡುಗ ಹೇಳಿದ "ಲಕ್ಷಗಟ್ಟಲೆ" ಸುಳ್ಳೇನಲ್ಲ, ನೋಡಿ. ಆದರೆ ಲಕ್ಷಗಟ್ಟಲೆ ಏನು?

4. ಯಾವುದು, ಎಂಬ ಪ್ರಶ್ನೆ

ಸಾಮಾನ್ಯ ಅಗರಿನಲ್ಲಿ ಬೆಳೆಯುವುದರಲ್ಲಿ ಬಹುಪಾಲು ನಿರುಪದ್ರವಿ. ಮಣ್ಣಿನದು, ಎಲೆಯದು, ನೊಣದ ಹೊಟ್ಟೆಯ ಖಾಯಂ ನಿವಾಸಿಗಳು. ರೋಗ ತರುವುದನ್ನು ಆರಿಸಲು ಬೇರೆ ಬೇರೆ ಅಗರ್ ಇವೆ. ಮೆಕಾಂಕಿ ಅಗರಿನಲ್ಲಿ ಪಿತ್ತಲವಣ ಇರುವುದರಿಂದ ಕರುಳಿನ ಜಾತಿಯವು ಮೇಲಾಗಿ ಬೆಳೆಯುತ್ತವೆ. ಹಾಲಿನ ಸಕ್ಕರೆಯನ್ನು ಹುಳಿಮಾಡುವ ಈ ಕೋಲಿ ಅಲ್ಲಿ ಗುಲಾಬಿ ಬಣ್ಣ ತಾಳುತ್ತದೆ. ಟೈಫಾಯಿಡ್ ಬಳಗದ ಸಾಲ್ಮೊನೆಲ್ಲ, ರಕ್ತಭೇದಿಯ ಶಿಗೆಲ್ಲ ಬಣ್ಣವಿಲ್ಲದ ಚುಕ್ಕೆಗಳಾಗುತ್ತವೆ. ಕಾಲರಾದ ವಿಬ್ರಿಯೊಗೆ ಟಿಸಿಬಿಎಸ್ ಎಂಬ ಬೇರೆಯೇ ಅಗರ್. ಅಲ್ಲಿ ಅದು ಹಳದಿ.

ಬಣ್ಣ ನೋಡಿ ತೀರ್ಪು ಹೇಳಬೇಡಿ. ಕೊಳೆತ ಕಡೆಯೆಲ್ಲ ಇರುವ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯವೂ ಮೆಕಾಂಕಿಯಲ್ಲಿ ಬಣ್ಣವಿಲ್ಲದ್ದೇ. ಸಂಶಯದ ಚುಕ್ಕೆಯನ್ನು ಬೇರೆ ಬೆಳೆಸಿ, ಅದು ಯಾವ ಸಕ್ಕರೆ ತಿನ್ನುತ್ತದೆ, ಯಾವ ಅನಿಲ ಬಿಡುತ್ತದೆ, ಯಾವ ಪ್ರತಿಸೀರಮ್ಮಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡಿದ ಮೇಲೆಯೇ ಹೆಸರು ಇಡಬೇಕು. ಈ ಕೋಲಿಯಲ್ಲೂ ಎಲ್ಲವೂ ಕೇಡಿಯಲ್ಲ. ನಿಮ್ಮ ಹೊಟ್ಟೆಯಲ್ಲೂ ನನ್ನ ಹೊಟ್ಟೆಯಲ್ಲೂ ಈಗ ಅದು ಇದೆ.

ಇನ್ನೂ ಒಂದು ತೊಡಕು. ರೋಗ ಬರಲು ಎಷ್ಟು ಬೇಕು? ಶಿಗೆಲ್ಲವಾದರೆ ಹತ್ತರಿಂದ ನೂರು ಬ್ಯಾಕ್ಟೀರಿಯ ಹೊಟ್ಟೆ ಸೇರಿದರೂ ಸಾಕು. ಕಾಲರಾಕ್ಕೆ, ಜಠರದ ಹುಳಿ ಸರಿಯಿರುವ ಮನುಷ್ಯನಲ್ಲಿ, ಲಕ್ಷ ಕೋಟಿಗಳ ಲೆಕ್ಕದಲ್ಲಿ ಬೇಕು. ಈಗ ಮೇಲಿನ ಗುಣಾಕಾರವನ್ನು ತಿರುಗಿಸಿ ನೋಡಿ. ತೆಳುಮಾಡದ ನೀರಿನಿಂದ 0.1 ಮಿಲಿಲೀಟರ್ ಹಾಕಿ ಒಂದು ಚುಕ್ಕೆಯೂ ಬರಲಿಲ್ಲ ಅನ್ನಿ. ಒಂದು ಚುಕ್ಕೆ ಬಂದಿದ್ದರೆ ನೊಣದಲ್ಲಿ ಹತ್ತು ಎಂದು ಬರೆಯುತ್ತಿದ್ದೆವು. ಆದ್ದರಿಂದ ಇಲ್ಲಿ ಸೊನ್ನೆ ಅಂದರೆ "ಇಲ್ಲ" ಅಂತಲ್ಲ, "ಸುಮಾರು ಹತ್ತಕ್ಕಿಂತ ಕಡಿಮೆ" ಅಂತ. ಶಿಗೆಲ್ಲದಂಥದಕ್ಕೆ ಈ ಸೊನ್ನೆ ಬಿಡುಗಡೆಯ ಪತ್ರವಾಗಲಾರದು. ಅಂಥ ಕಡೆ ಮೊದಲು ಪೋಷಕ ದ್ರವದಲ್ಲಿ ಬೆಳೆಸಿ ಆಮೇಲೆ ತಟ್ಟೆಗೆ ಹಾಕುತ್ತಾರೆ. ಆಗ "ಇದೆ" ಅಥವಾ "ಸಿಗಲಿಲ್ಲ" ಎಂದು ಗೊತ್ತಾಗುತ್ತದೆ, ಎಷ್ಟಿತ್ತು ಎಂಬುದು ಹೋಗುತ್ತದೆ.

5. ಬೆಳೆಸದೆ ಎಣಿಸುವುದು

1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಪಿಸಿಆರ್ ವಿಧಾನವನ್ನು ಯೋಚಿಸಿದ. 1993ರಲ್ಲಿ ಅದಕ್ಕೆ ನೊಬೆಲ್ ಬಂತು. ಕೊರೊನ ಕಾಲದಲ್ಲಿ ಎಲ್ಲರ ಬಾಯಲ್ಲೂ ಬಂದ ಹೆಸರು ಇದು. ಬ್ಯಾಕ್ಟೀರಿಯದ ಡಿಎನ್‌ಎಯ ಒಂದು ಗುರುತಿನ ತುಂಡನ್ನು ಸುತ್ತು ಸುತ್ತಿಗೂ ಎರಡರಷ್ಟು ಮಾಡುತ್ತಾ ಹೋಗುವುದು. ಎಷ್ಟನೆಯ ಸುತ್ತಿಗೆ ಯಂತ್ರದಲ್ಲಿ ಬೆಳಕು ಕಾಣಿಸಿತು ಎಂಬುದರಿಂದ ಮೊದಲು ಎಷ್ಟಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಸುಮಾರು 3.3 ಸುತ್ತು ಬೇಗ ಬಂದರೆ ಹತ್ತು ಪಾಲು ಹೆಚ್ಚು ಇತ್ತು ಎಂದರ್ಥ. ಗೊತ್ತಿರುವ ಅಳತೆಯ ಡಿಎನ್‌ಎಯನ್ನು ಪಕ್ಕದಲ್ಲೇ ನಡೆಸಿ ಹೋಲಿಸಬೇಕು.

ಇದು ಬೇಗ, ಸೂಕ್ಷ್ಮ. ಆದರೆ ಇದಕ್ಕೆ ಜೀವ ಇರುವುದು, ಸತ್ತದ್ದು ಎಂಬ ಭೇದವಿಲ್ಲ. ಫಿನಾಯಿಲ್ ತಾಗಿ ಸತ್ತ ಬ್ಯಾಕ್ಟೀರಿಯವನ್ನೂ ಎಣಿಸಿಬಿಡುತ್ತದೆ. ತಟ್ಟೆಯ ಕಥೆ ಇದರ ತಿರುಗುಮುರುಗು. 1982ರಲ್ಲಿ ರೀಟಾ ಕಾಲ್‌ವೆಲ್ ಮತ್ತು ಸಂಗಡಿಗರು ತೋರಿಸಿದ ಹಾಗೆ, ಕಾಲರಾದ ಬ್ಯಾಕ್ಟೀರಿಯ ಕಷ್ಟಕಾಲದಲ್ಲಿ ಜೀವ ಹಿಡಿದುಕೊಂಡೇ ತಟ್ಟೆಯಲ್ಲಿ ಬೆಳೆಯದೆ ಉಳಿಯಬಲ್ಲದು. ಅಂದರೆ ತಟ್ಟೆ ಕಡಿಮೆ ಹೇಳಬಹುದು, ಪಿಸಿಆರ್ ಹೆಚ್ಚು ಹೇಳಬಹುದು. ಕೀಟದ ಕಣ್ಣಿನ ಬಣ್ಣದಂಥ ವಸ್ತುಗಳು ಪಿಸಿಆರನ್ನೇ ತಡೆದು ಸುಳ್ಳು ಸೊನ್ನೆ ಕೊಡುವುದೂ ಉಂಟು. ಬಲ್ಲವರು ಎರಡನ್ನೂ ಮಾಡಿ, ಎರಡು ಸಂಖ್ಯೆಯನ್ನೂ ಬರೆಯುತ್ತಾರೆ.

6. ಒಂದೊಂದಾಗಿಯೋ, ಗುಂಪಾಗಿಯೋ

ಒಂಬತ್ತು ನೊಣಗಳಲ್ಲಿ ತಲಾ ನೂರು, ಹತ್ತನೆಯದರಲ್ಲಿ ಹತ್ತು ಲಕ್ಷ ಇದೆ ಅನ್ನಿ. ಸರಾಸರಿ 1,00,090. ವರದಿಯಲ್ಲಿ "ನೊಣವೊಂದಕ್ಕೆ ಲಕ್ಷ" ಎಂದು ಬರುತ್ತದೆ. ಅಷ್ಟು ಹೊತ್ತ ನೊಣ ಅಲ್ಲಿ ಒಂದೂ ಇಲ್ಲ! ಗುಣೋತ್ತರ ಸರಾಸರಿ ತೆಗೆದರೆ ಸುಮಾರು 251. ಹತ್ತನ್ನೂ ಒಟ್ಟಿಗೆ ಅರೆದಿದ್ದರೆ ಈ ವ್ಯತ್ಯಾಸ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಹಾಗಂತ ಒಟ್ಟಿಗೆ ಅರೆಯುವುದು ಯಾವಾಗಲೂ ತಪ್ಪಲ್ಲ. ರೋಗಾಣು ಹೊತ್ತ ಕೀಟ ತೀರ ಅಪರೂಪವಾದಾಗ ಅದೇ ದಾರಿ. ಕೋಯಂಬೇಡಿಗೆ ಟೊಮೇಟೊ ಕಳಿಸುವ ನಮ್ಮ ಕೋಲಾರದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಲ್ಲಿಯ ಮುಳಬಾಗಿಲಿನಲ್ಲಿ 1966ರಲ್ಲಿ ಮನುಷ್ಯರಲ್ಲಿ ಪ್ಲೇಗು ಕಂಡ ಮೇಲೆ 1994ರ ಸೂರತ್ತಿನ ಗಲಾಟೆಯವರೆಗೆ ದೇಶದಲ್ಲಿ ಅದರ ಸುದ್ದಿ ಇರಲಿಲ್ಲ. ಆದರೂ ಕರ್ನಾಟಕ, ಆಂಧ್ರ, ತಮಿಳುನಾಡು ಸೇರುವ ಆ ಗಡಿಯಲ್ಲಿ ಇಲಿಗಳನ್ನೂ ಅವುಗಳ ಚಿಗಟಗಳನ್ನೂ ಹಿಡಿದು ನೋಡುವ ಕಾವಲು ಬೆಂಗಳೂರಿನ ಕೇಂದ್ರದಿಂದ ನಡೆದುಬಂದಿದೆ. ಒಂದು ಇಲಿಗೆ ಸರಾಸರಿ ಎಷ್ಟು ಇಲಿಚಿಗಟ ಎಂಬುದು ಒಂದು ಸೂಚಿ. ಅದು ಒಂದನ್ನು ಮೀರಿದರೆ ಎಚ್ಚರ. ಚಿಗಟಗಳನ್ನು ಗುಂಪು ಗುಂಪಾಗಿ ಅರೆದು ಪರೀಕ್ಷಿಸುವುದು ಇನ್ನೊಂದು ಕ್ರಮ. 500 ಚಿಗಟಗಳನ್ನು 25ರಂತೆ 20 ಗುಂಪು ಮಾಡಿ, ಮೂರು ಗುಂಪಿನಲ್ಲಿ ರೋಗಾಣು ಸಿಕ್ಕಿತು ಎಂದಿಟ್ಟುಕೊಳ್ಳಿ. ಗುಂಪಿಗೆ ಕನಿಷ್ಠ ಒಂದಾದರೂ ಇರಬೇಕಲ್ಲ. ಆದ್ದರಿಂದ ಸಾವಿರಕ್ಕೆ ಕನಿಷ್ಠ ಆರು. "ಕನಿಷ್ಠ" ಎಂಬ ಮಾತನ್ನು ಬಿಡದೆ ಬರೆಯುವುದೇ ಪ್ರಾಮಾಣಿಕತೆ.

ಚಿಗಟ ಇನ್ನೊಂದು ಪಾಠವನ್ನೂ ಕಲಿಸಿತು. 1897ರಲ್ಲಿ ಒಗಾಟ ಎಂಬ ಜಪಾನೀ ವಿಜ್ಞಾನಿ ಪ್ಲೇಗಿನ ಇಲಿಯ ಚಿಗಟಗಳನ್ನು ಅರೆದು ಚುಚ್ಚಿ, ಇಲಿಮರಿಗೆ ರೋಗ ಬರುವುದನ್ನು ಕಂಡ. ಒಳಗೆ ರೋಗಾಣು ಇದೆ ಎಂದಾಯಿತು. ಕಚ್ಚಿ ದಾಟಿಸುತ್ತದೆ ಎಂದಾಗಲಿಲ್ಲ. ಮರುವರ್ಷ ಕರಾಚಿಯಲ್ಲಿ ಸಿಮೋಂಡ್, ಜೀವಂತ ಚಿಗಟಗಳಿರುವ ರೋಗದ ಇಲಿಯನ್ನೂ ಒಳ್ಳೆಯ ಇಲಿಯನ್ನೂ ನಡುವೆ ಜಾಲರಿ ಹಾಕಿ ಇಟ್ಟು ತೋರಿಸಿದ. ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಗೆ ಪೇಟೆಯೇ ಖಾಲಿಯಾಗಿತ್ತು. ಚಿಗಟದ ಜಠರದ ಬಾಯಲ್ಲಿ ರೋಗಾಣುಗಳು ಗಂಟುಕಟ್ಟಿ ತಡೆಹಾಕಿದಾಗ, ಹಸಿದ ಚಿಗಟ ಕಚ್ಚಿ ಕಚ್ಚಿ ಅವನ್ನು ಗಾಯಕ್ಕೆ ಕಕ್ಕುತ್ತದೆ ಎಂದು 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ವಿವರಿಸಿದರು. ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿದೆ ಎಂಬುದೂ ಬೇಕು.

7. ಮತ್ತೆ ಗೇಟಿನ ಹತ್ತಿರಕ್ಕೆ

ಹಾಗಾದರೆ ನೊಣ ನಿರಪರಾಧಿಯೇ? ಅಲ್ಲ. ಇಸ್ರೇಲಿನ ಸೈನ್ಯದ ಶಿಬಿರಗಳಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೆಲವು ಶಿಬಿರಗಳಲ್ಲಿ ನೊಣಗಳನ್ನು ಬಲೆಯಿಟ್ಟು ಹಿಡಿದರು, ಹೋಲಿಕೆಗೆ ಕೆಲವನ್ನು ಹಾಗೆಯೇ ಬಿಟ್ಟರು. ಹಿಡಿದ ಕಡೆ ನೊಣ ನೂರಕ್ಕೆ 64ರಷ್ಟು ಕಡಿಮೆಯಾಯಿತು. ಶಿಗೆಲ್ಲ ಭೇದಿಯಿಂದ ವೈದ್ಯರ ಬಳಿ ಬರುವವರು ನೂರಕ್ಕೆ 85ರಷ್ಟು ಕಡಿಮೆಯಾದರು. ನೊಣದ ಮೇಲಿನ ಆರೋಪ ಹೀಗೆ ಸಾಬೀತಾಗಬೇಕು. ಇಲ್ಲಿ ಕೆಲಸ ಮಾಡಿದ್ದು ಆ ಹೋಲಿಕೆಯ ಶಿಬಿರ.

ನಮ್ಮ ಗೇಟಿನಲ್ಲಿ ನ್ಯಾಯವಾಗಿ ಏನಾಗಬೇಕಿತ್ತು? ಕಾಯಿಲೆಯಾದ ಹುಡುಗರ ಮಲದಲ್ಲಿ ಯಾವ ಬ್ಯಾಕ್ಟೀರಿಯ ಎಂದು ಮೊದಲು ನೋಡಬೇಕಿತ್ತು. ಅಕ್ಕನ ಗಾಡಿಯಿಂದ ಒಂದಷ್ಟು ನೊಣ, ಅದೇ ದಿನ ಅದೇ ಹೊತ್ತಿನಲ್ಲಿ ನಮ್ಮ ಅಡುಗೆಮನೆಯಿಂದ ಅಷ್ಟೇ ನೊಣ, ಕುಡಿಯುವ ನೀರಿನ ತೊಟ್ಟಿಯಿಂದ ಒಂದು ಸೀಸೆ ನೀರು ತೆಗೆಯಬೇಕಿತ್ತು. ಯಾವುದು ಎಲ್ಲಿಯದು ಎಂದು ಎಣಿಸುವವನಿಗೆ ಹೇಳದೆ, ಬರೀ ಅಂಕಿ ಹಾಕಿ ಕೊಡಬೇಕಿತ್ತು. ಹುಡುಗರಲ್ಲಿ ಸಿಕ್ಕಿದ್ದೂ ನೊಣದಲ್ಲಿ ಸಿಕ್ಕಿದ್ದೂ ಒಂದೇ ತಳಿಯೇ ಎಂದು ಡಿಎನ್‌ಎ ಓದಿ ತಾಳೆ ನೋಡಬೇಕಿತ್ತು. ಅದೇ ಹಣ್ಣು ತಿಂದೂ ಕಾಯಿಲೆ ಬೀಳದವರು ಎಷ್ಟು ಜನ ಎಂದು ಕೇಳಬೇಕಿತ್ತು. ಕೋಯಂಬೇಡಿನಿಂದ ಕೆಲವೇ ಕಿಲೋಮೀಟರ್ ದೂರದ ಗಿಂಡಿಯಲ್ಲಿ, ಸಿಡುಬಿನ ಲಸಿಕೆಗೆಂದು 1899ರಲ್ಲಿ ಹುಟ್ಟಿದ ಕಿಂಗ್ ಇನ್‌ಸ್ಟಿಟ್ಯೂಟ್ ಇರುವ ಊರು ನಮ್ಮದು. ಬ್ಯಾಕ್ಟೀರಿಯ ಪರೀಕ್ಷೆ ಇಲ್ಲಿ ಹೊಸ ವಿದ್ಯೆಯಲ್ಲ. ನಾವು ಕೇಳಲಿಲ್ಲ, ಅಷ್ಟೆ.

ಅಕ್ಕ ಕೇಳಿದ "ನಿಮ್ಮ ಅಡುಗೆಮನೇಲಿ?" ಎಂಬ ಒಂದೇ ಮಾತಿನಲ್ಲಿ ಹೋಲಿಕೆಯ ಮಾದರಿ ಎಂಬ ಇಡೀ ಅಧ್ಯಾಯ ಇತ್ತು. ಮೂರು ವರ್ಷ ಸೂಕ್ಷ್ಮಜೀವಿಶಾಸ್ತ್ರ ಓದಿದ ನನಗೆ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ಆಕೆ ಈಗ ಎರಡು ಬೀದಿ ಆಚೆ ಗಾಡಿ ಹಾಕುತ್ತಾರೆ. ಹೋದ ವಾರ ಹೋಗಿದ್ದೆ. ಹಣ್ಣಿನ ಮೇಲೆ ಸೊಳ್ಳೆಪರದೆಯ ಬಟ್ಟೆ ಹೊದಿಸಿದ್ದರು. "ಬಂದ್ಯಾ ತಮ್ಮಾ, ಕೂತ್ಕೋ" ಅಂದರು. ಕ್ಷಮಿಸಿ ಅನ್ನಲು ಹೋದೆ. ಪರಂಗಿ ಹಣ್ಣು ಹೆಚ್ಚಿ ಕೈಗೆ ಕೊಟ್ಟರು.

ಅಭ್ಯಾಸ

(ಅ) ನೂರರಲ್ಲೊಂದು ತೆಳುಮಾಡಿದ ತಟ್ಟೆಗೆ 0.1 ಮಿಲಿಲೀಟರ್ ಹಾಕಿದಾಗ 62 ಚುಕ್ಕೆ ಬಂದವು. ಒಂದು ಮಿಲಿಲೀಟರಿನಲ್ಲಿ ತೊಳೆದ ಆ ನೊಣದ ಹೊರಮೈಯಲ್ಲಿ ಎಷ್ಟು? (ಉತ್ತರ: 62,000.)

(ಆ) ಖಾಲಿ ಸೀಸೆಯಲ್ಲೂ ಚುಕ್ಕೆಗಳು ಬಂದರೆ ನಿಮ್ಮ ವರದಿಯಲ್ಲಿ ಏನು ಬರೆಯುತ್ತೀರಿ?

(ಇ) "ಆ ಅಂಗಡಿಯ ನೊಣದಲ್ಲಿ ರೋಗಾಣು ಸಿಕ್ಕಿದೆ" ಎಂದು ಯಾರಾದರೂ ಹೇಳಿದರೆ, ಅಂಗಡಿ ಮುಚ್ಚಿಸುವ ಮೊದಲು ಅವರನ್ನು ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಯಿರಿ.